ಮೊಳೆ ಅಂದರೆ ಬರೀ ಸೀಸ ಅಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಹಳೆ ಅಚ್ಚುಕೂಟಗಳ ಬಗ್ಗೆ ಬಂದ ಲೇಖನ ಎರಡು ಸಲ ಓದಿದೆ. ಅಕ್ಷರದ ಖಾನೆಗಳಿರುವ ಕೇಸು, ಸಾಲು ಜೋಡಿಸುವ ಸ್ಟಿಕ್ಕು, ಜೋಡಿಸಿದ್ದನ್ನು ಇಡುವ ಗ್ಯಾಲಿ, ಕಾಲಿನಿಂದ ತುಳಿಯುವ ಟ್ರೆಡಲ್ ಮಶಿನ್ನಿನ ಸದ್ದು, ಎಲ್ಲ ನೆನಪಾಯಿತು. ಬರೆದವರಿಗೆ ಧನ್ಯವಾದ. ಆದರೆ ಒಂದು ಕಡೆ ಹಲ್ಲಿಗೆ ಕಲ್ಲು ಸಿಕ್ಕ ಹಾಗಾಯಿತು. ಅಚ್ಚುಮೊಳೆಗಳು, ಅಂದರೆ ಒಂದೊಂದು ಅಕ್ಷರ ಒತ್ತುವ ಲೋಹದ ತುಂಡುಗಳು, ಬರೀ ಸೀಸದವು, ಪ್ರೆಸ್ಸು ಮುಚ್ಚಿದ ಮೇಲೆ ಸೀಸದ ರೇಟಿಗೆ ಗುಜರಿಗೆ ಹೋದವು ಎಂದಿದೆ. ಗುಜರಿಗೆ ಹೋದದ್ದು ನಿಜ. ಸೀಸದ ತುಂಡು ಎಂಬುದು ಮಾತ್ರ ತಪ್ಪು. ಈ ತಪ್ಪು ಎಷ್ಟು ದೂರ ಎಳೆದುಕೊಂಡು ಹೋಗುತ್ತದೆ ಎಂದು ಈ ವರ್ಷ ನಮ್ಮ ಮನೆಯಲ್ಲೇ ನೋಡಿದೆ. ಅದಕ್ಕೇ ಈ ಕಾಗದ. ಸ್ವಲ್ಪ ಉದ್ದ ಆಯಿತು, ಕತ್ತರಿಸಬೇಕಾದರೆ ಕತ್ತರಿಸಿ.

ನಾನು ಬೀದರಿನವನು. ಹುಡುಗನಾಗಿದ್ದಾಗ ಹೈದರಾಬಾದಿಗೆ ಹೋಗಿ ಒಂದು ಟೈಪ್ ಫೌಂಡ್ರಿಯಲ್ಲಿ ಹನ್ನೊಂದು ವರ್ಷ ಮೊಳೆ ಎರಕ ಹೊಯ್ದೆ. ಆಮೇಲೆ ಊರಿಗೆ ಬಂದು ಚೌಬಾರಾ ಹತ್ತಿರದ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿದೆ. ಮೊಳೆಯ ಲೋಹದಲ್ಲಿ ಸೀಸ ಹೆಚ್ಚು, ಒಪ್ಪುತ್ತೇನೆ. ಆದರೆ ಅದರಲ್ಲಿ ಆಂಟಿಮನಿ ಎಂಬ ಇನ್ನೊಂದು ಲೋಹ ಇದೆ, ತವರ ಇದೆ. ಇಡೀ ಸಾಲನ್ನೇ ಒಮ್ಮೆಗೆ ಎರಕ ಹೊಯ್ಯುವ ಲೈನೋಟೈಪ್ ಮಶಿನ್ನಿನ ಲೋಹದ ಹೆಸರಾಂತ ಲೆಕ್ಕ ನೂರಕ್ಕೆ 84 ಸೀಸ, 12 ಆಂಟಿಮನಿ, 4 ತವರ. ಕೈಯಲ್ಲಿ ಜೋಡಿಸುವ ಬಿಡಿ ಮೊಳೆಗೆ ಆಂಟಿಮನಿ, ತವರ ಇನ್ನೂ ಜಾಸ್ತಿ. ಆಂಟಿಮನಿ ಗಟ್ಟಿತನ ಕೊಡುತ್ತದೆ, ಆರುವಾಗ ಕುಗ್ಗುವುದನ್ನು ಕಡಿಮೆ ಮಾಡುತ್ತದೆ. ತವರ ಲೋಹವನ್ನು ಅಚ್ಚಿನ ಮೂಲೆ ಮೂಲೆಗೆ ಹರಿಸುತ್ತದೆ. ಬರೀ ಸೀಸ ಕರಗಲು 327 ಡಿಗ್ರಿ ಸೆಲ್ಸಿಯಸ್ ಬೇಕು. ಲೈನೋಟೈಪಿನ ಆ ಮಿಶ್ರಣ ಸುಮಾರು 240ಕ್ಕೇ ನೀರಾಗುತ್ತದೆ. ಬರೀ ಸೀಸದಲ್ಲಿ 'ಕ್ಷ' ಹೊಯ್ದು ನೋಡಿ, ನೂರು ಪ್ರತಿ ಒತ್ತುವುದರೊಳಗೆ ಅದರ ಮೂಗು ಚಪ್ಪಟೆಯಾಗಿರುತ್ತದೆ.

ಈಗ ಮನೆಯ ಕಥೆ. ನನ್ನ ತಂಗಿಯ ಮಗ ಅಮೆರಿಕದ ಒಹಾಯೋದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅಲ್ಲಿ ಅವನಿಗೆ ಹಿಡಿದ ಹುಚ್ಚು ರೈಫಲ್ ಗುರಿ. ಲಿವರ್ ಎಳೆದು ಗುಂಡು ಏರಿಸುವ, ಥರ್ಟಿ-ಥರ್ಟಿ ಎಂಬ ತೋಟಾ ಹಾಕುವ ಹಳೆ ರೈಫಲ್ ಕೊಂಡಿದ್ದಾನೆ. ಆ ತೋಟಾ 1895ರಿಂದ ಬಳಕೆಯಲ್ಲಿದೆಯಂತೆ. ಅಂಗಡಿಯ ತೋಟಾ ದುಬಾರಿ ಎಂದು ತಾನೇ ಸೀಸ ಕರಗಿಸಿ, ಗುಂಡು ಎರಕ ಹೊಯ್ದು, ತಾನೇ ತೋಟಾ ತುಂಬುತ್ತಾನೆ. ಅಲ್ಲಿ ಸ್ವಂತ ಬಳಕೆಗೆ ಹೀಗೆ ಮಾಡಿಕೊಳ್ಳಬಹುದು. ನಮ್ಮಲ್ಲಿ ಆಗದು. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಓದಿದವರು ಯಾರೂ ಒಲೆ ಹಚ್ಚುವುದು ಬೇಡ. ಹುಡುಗ ಹೊಡೆಯುವುದು ಕಾಗದಕ್ಕೆ ಮಾತ್ರ, ಪ್ರಾಣಿಗಲ್ಲ. ಹೊಲದಲ್ಲಿ ಕೃಷ್ಣಮೃಗ ನೋಡುತ್ತ ಬೆಳೆದವನು ಅಲ್ವಾ.

ಮಾರ್ಚ್ ಕೊನೆಯಲ್ಲಿ ಒಂದು ಬೆಳಗ್ಗೆ ಆರೂವರೆಗೆ ಫೋನ್ ಬಂತು. ಅಲ್ಲಿ ರಾತ್ರಿ ಒಂಬತ್ತು. "ಮಾಮಾ, ನೀವು ಸೀಸದ ಕೆಲಸ ಮಾಡಿದವರು. ನನ್ನ ಗುಂಡು ಒಂದು ದಿನ ಬಿದ್ದ ಕಡೆ ಇನ್ನೊಂದು ದಿನ ಬೀಳುವುದಿಲ್ಲ" ಎಂದ. ನೂರು ಗಜ ದೂರದ ಕಾಗದಕ್ಕೆ ಐದು ಗುಂಡು ಹೊಡೆಯುತ್ತಾನೆ. ಒಂದು ವಾರ ಐದೂ ಎರಡು ಇಂಚಿನೊಳಗೆ, ಅಂಗೈಗಿಂತ ಸಣ್ಣ ಜಾಗದಲ್ಲಿ. ಮುಂದಿನ ವಾರ ಅಂಥದೇ ಐದು ಗುಂಡು ಒಂಬತ್ತು ಇಂಚಿಗೆ, ಊಟದ ತಟ್ಟೆಯ ಅಗಲಕ್ಕೆ ಚೆಲ್ಲಾಪಿಲ್ಲಿ. ಅದೇ ರೈಫಲ್, ಅದೇ ಬೆಂಚು, ಅದೇ ಹುಡುಗ.

ಆಗಲೇ ಏನೇನು ಬದಲಿಸಿದೆ ಎಂದು ಕೇಳಿದೆ. ಪಟ್ಟಿ ಕೇಳಿ ತಲೆ ಕೆಟ್ಟಿತು. ಮದ್ದು ಬದಲಿಸಿದ್ದ. ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಬದಲಿಸಿದ್ದ. ಹಿತ್ತಾಳೆ ಕೇಸು ಹೊಸದು ತಂದಿದ್ದ. (ಅವರೂ ಕೇಸು ಅಂತಾರೆ, ನಾವೂ ಕೇಸು ಅಂತೀವಿ. ನಮ್ಮದರಲ್ಲಿ ಅಕ್ಷರ, ಅವರದರಲ್ಲಿ ಮದ್ದು.) ಹಿಂದಿನ ಗುರಿಕಂಡಿ ಕೂಡ ಬದಲಿಸಿದ್ದ. ಎಲ್ಲ ಒಂದೇ ಭಾನುವಾರ! ಹೀಗೆ ಮಾಡಿದರೆ ಯಾವುದು ಸರಿಹೋಯಿತು, ಯಾವುದು ಕೆಟ್ಟಿತು ಎಂದು ಬ್ರಹ್ಮನಿಗೂ ತಿಳಿಯದು. ಪ್ರೂಫಿನಲ್ಲಿ ಒಂದು ಸಾಲು ಓರೆ ಬಂದರೆ ನಾವು ಇಡೀ ಫಾರ್ಮ್, ಅಂದರೆ ಮೊಳೆ ಬಿಗಿದ ಚೌಕಟ್ಟು, ಬಿಚ್ಚುತ್ತಿರಲಿಲ್ಲ. ಒಂದು ಕೀಲಿ ಸಡಿಲಿಸಿ, ಒಂದು ಮೊಳೆ ತೆಗೆದು ನೋಡುತ್ತಿದ್ದೆವು. ಹಳೆ ಮದ್ದಿಗೇ ವಾಪಸ್ ಹೋಗು, ತೋಟಾ ತುಂಬುವ ಪುಸ್ತಕದ ಅಳತೆ ಬಿಟ್ಟು ಒಂದು ಕಾಳೂ ಹೆಚ್ಚು ಕಡಿಮೆ ಮಾಡಬೇಡ, ಮೊದಲು ಗುಂಡಿನ ಫೋಟೊ ಕಳಿಸು ಎಂದೆ. ಮದ್ದಿನ ಲೆಕ್ಕ ನನಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ನನಗೆ ಗೊತ್ತಿರುವುದು ಎರಕ.

ಫೋಟೊ ಬಂತು. ಬಿಳಿ ಟವೆಲ್ ಮೇಲೆ ನಲವತ್ತೋ ಐವತ್ತೋ ಗುಂಡು. ನನ್ನ ಮೊಮ್ಮಗಳು ಫೋನಿನಲ್ಲಿ ಅದನ್ನು ದೊಡ್ಡದು ಮಾಡಿ ತೋರಿಸಿದಳು. ಗುಂಡಿನ ತುದಿ ನೋಡಿ ಎಲ್ಲರೂ ಚೆಂದ ಅಂತಾರೆ. ನಾನು ಬುಡ ತೋರಿಸು ಎಂದೆ. ಮೊಳೆಯಲ್ಲೂ ಅಷ್ಟೇ, ಮುಖ ಎಷ್ಟು ಚೆಂದವಿದ್ದರೂ ಕಾಲು ಸರಿ ಇರದಿದ್ದರೆ ನಿಲ್ಲುವುದಿಲ್ಲ. ಕೆಲವು ಗುಂಡಿನ ಬುಡದ ಅಂಚು ಚಾಕುವಿನಿಂದ ಕೊರೆದ ಹಾಗೆ ಚೂಪಾಗಿತ್ತು. ಕೆಲವದರಲ್ಲಿ ಅಂಚು ಒಂದು ಕಡೆ ಮಾತ್ರ ದುಂಡಗೆ, ಸೋಪು ಸವೆದ ಹಾಗೆ. ಇನ್ನು ಕೆಲವದರ ಮೈಮೇಲೆ ಮುದುಕರ ಚರ್ಮದ ಹಾಗೆ ಸುಕ್ಕು. ಸುಕ್ಕು ಅಂದರೆ ಅಚ್ಚು ತಣ್ಣಗಿತ್ತು ಅಂತ ಅರ್ಥ. ಅಚ್ಚು ಕಾಯುವ ತನಕ ಬಂದ ಮೊದಲ ಹತ್ತಿಪ್ಪತ್ತನ್ನು ಫೌಂಡ್ರಿಯಲ್ಲಿ ನಾವು ನೋಡದೆಯೇ ವಾಪಸ್ ಪಾತ್ರೆಗೆ ಹಾಕುತ್ತಿದ್ದೆವು. ಇವನು ಅವನ್ನೂ ಎಣಿಸಿ ಡಬ್ಬಿ ತುಂಬಿದ್ದ. ಈ ಗುಂಡಿನ ಬುಡಕ್ಕೆ ತಾಮ್ರದ ಪುಟ್ಟ ಬಟ್ಟಲು ತೊಡಿಸುತ್ತಾರೆ, ಮದ್ದು ಉರಿದು ಬರುವ ಬಿಸಿ ಗಾಳಿ ಸೀಸವನ್ನು ಕೊರೆಯದಿರಲಿ ಎಂದು. ಬುಡ ಓರೆಯಾದರೆ ಬಟ್ಟಲೂ ಓರೆ. ಗುಂಡು ನಳಿಗೆಯ ಬಾಯಿ ಬಿಡುವಾಗ ಹಿಂದಿನ ಗಾಳಿ ಒಂದು ಕಡೆಯಿಂದ ಮೊದಲು ನುಗ್ಗಿ ಅದನ್ನು ತಳ್ಳುತ್ತದೆ.

ಇದು ಅರ್ಧ ಉತ್ತರ ಮಾತ್ರ. ಸುಕ್ಕು, ಓರೆ ಎಲ್ಲ ಆರಿಸಿ ತೆಗೆದ ಮೇಲೂ ಗುಂಡು ಚದುರುತ್ತಿತ್ತು. ಆಗ ಐವತ್ತು ಗುಂಡು ಒಂದೊಂದಾಗಿ ತೂಗಿ ಬರೆದು ಕಳಿಸು ಎಂದೆ. ಅವರು ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ಅಚ್ಚಿನ ಮೇಲೆ ಬರೆದದ್ದು 170 ಗ್ರೇನ್, ಅಂದರೆ ಹನ್ನೊಂದು ಗ್ರಾಂ. ಬಂದ ಪಟ್ಟಿಯಲ್ಲಿ 164ರಿಂದ 173ರ ತನಕ ಇತ್ತು. ಹುಡುಗ ಅದರ ಸರಾಸರಿ ತೆಗೆದು, 168.5 ಬಂತು, ಪರವಾಗಿಲ್ಲ ಅಲ್ವಾ ಎಂದು ಬರೆದಿದ್ದ. ಇಂಜಿನಿಯರ್ ಓದಿದವನು!

ನಾನು ಹಳೆ ಡೈರಿಯಲ್ಲಿ ಒಂದೊಂದು ತೂಕದ ಮುಂದೆ ಒಂದೊಂದು ಗೀಟು ಎಳೆಯುತ್ತ ಹೋದೆ, ಕಿರಾಣಿ ಅಂಗಡಿಯವರ ಹಾಗೆ. ಮುಗಿದಾಗ ನೋಡಿದರೆ ಒಂದು ಗುಡ್ಡ ಇರಬೇಕಾದ ಕಡೆ ಎರಡು ಗುಡ್ಡ. 165ರ ಸುತ್ತ ಒಂದು ರಾಶಿ, 172ರ ಸುತ್ತ ಇನ್ನೊಂದು. ನಡುವೆ 168, 169ರ ಮುಂದೆ ಗೀಟೇ ಇಲ್ಲ. ಅವನು ಹೇಳಿದ ಸರಾಸರಿ ತೂಕದ ಗುಂಡು ಒಂದೂ ಇರಲಿಲ್ಲ. ಕೈ ತಪ್ಪಿದರೆ ತೂಕ ಹಿಂದೆ ಮುಂದೆ ಚದುರುತ್ತದೆ, ಹೀಗೆ ಎರಡು ಊರು ಕಟ್ಟುವುದಿಲ್ಲ. ಇದು ಎರಡು ಬೇರೆ ಲೋಹ.

ಕೂಡಲೇ ಫೋನ್ ಮಾಡಿ, ಪಾತ್ರೆಗೆ ಏನು ಹಾಕಿದೆ ಹೇಳು ಎಂದೆ. ಮೊದಲು "ಸೀಸ" ಎಂದ. ಎಲ್ಲಿಯ ಸೀಸ? ಟೈರ್ ಅಂಗಡಿಯಿಂದ ತಂದ ತುಂಡು, ಚಕ್ರ ಸಮನಾಗಿ ತಿರುಗಲಿ ಎಂದು ಅದರ ಅಂಚಿಗೆ ಹಾಕುವ ತೂಕ. ಅದು ಕಡಿಮೆ ಬಿದ್ದಾಗ ನಡುವೆ ಸುರಿದದ್ದು ಏನು? ಸ್ವಲ್ಪ ತಡವರಿಸಿ, "ಮುಚ್ಚಿದ ಪ್ರೆಸ್ಸಿನಿಂದ ಬಂದ ಲೈನೋಟೈಪ್ ಸೀಸ ಮಾಮಾ, ಒಳ್ಳೆಯದು ಅಂತ ದುಡ್ಡು ಕೊಟ್ಟು ತರಿಸಿದೆ" ಎಂದ. ನಾನು ನಕ್ಕ ನಗುವಿಗೆ ಒಳಗಿನಿಂದ ನನ್ನ ಹೆಂಡತಿ ಬಂದು ನೋಡಿದಳು. ಹನ್ನೊಂದು ವರ್ಷ ಮಾಮ ಇದನ್ನೇ ಹೊಯ್ದದ್ದು, ಅಳಿಯ ಅದನ್ನು ಸಮುದ್ರದ ಆಚೆ ದುಡ್ಡು ಕೊಟ್ಟು ಕೊಂಡು, ಸೀಸ ಎಂದು ಕರೆದು ಕೆಡಿಸಿದ್ದಾನೆ.

ನಿಮ್ಮ ಲೇಖನದ ತಪ್ಪೂ ಇದೇ, ಸಂಪಾದಕರೇ. ಲೈನೋಟೈಪ್ ಲೋಹ ಶುದ್ಧ ಸೀಸಕ್ಕಿಂತ ಹಗುರ. ಅದೇ ಅಚ್ಚಿನಲ್ಲಿ ಹೊಯ್ದರೆ ಗುಂಡಿನ ತೂಕ ಕಡಿಮೆ ಬರುತ್ತದೆ. ಕುಗ್ಗುವುದು ಕಡಿಮೆ ಆದ್ದರಿಂದ ಗಾತ್ರ ಕೂದಲೆಳೆಯಷ್ಟು ದಪ್ಪ ಬರುತ್ತದೆ. ಗಟ್ಟಿತನದಲ್ಲಂತೂ ಚಕ್ರದ ತುಂಡಿನ ಲೋಹಕ್ಕಿಂತ ಎರಡು ಪಟ್ಟು ಹತ್ತಿರ. ಒಂದೇ ಡಬ್ಬಿಯಲ್ಲಿ ಇವೆರಡೂ ಬೆರೆತರೆ ಮೊದಲ ಗುಂಡು ಒಂದು ಕಡೆ, ಎರಡನೆಯದು ಇನ್ನೊಂದು ಕಡೆ. ರೈಫಲ್ ಏನು ಮಾಡೀತು? ನಾವು ಉಗುರಿನಿಂದ ಗೀರಿ ಮೊಳೆಯ ಲೋಹ ಪರೀಕ್ಷೆ ಮಾಡುತ್ತಿದ್ದೆವು. ಅಲ್ಲಿಯವರು ಚಿತ್ರ ಬರೆಯುವ ಪೆನ್ಸಿಲ್ ಸೆಟ್ ತಂದು, ಯಾವ ಪೆನ್ಸಿಲ್ ಗುಂಡನ್ನು ಕೊರೆಯುತ್ತದೆ, ಯಾವುದು ಜಾರುತ್ತದೆ ಎಂದು ನೋಡುತ್ತಾರಂತೆ. ಜಾಣ ಉಪಾಯ. ಅವನು ಅದನ್ನೂ ಮಾಡಿದ. ಹಗುರ ರಾಶಿ ಗಟ್ಟಿ, ಭಾರದ ರಾಶಿ ಮೆತ್ತಗೆ. ಗುಮಾನಿ ನಿಜವಾಯಿತು.

ಇನ್ನೊಂದು ಬೆಪ್ಪುತನ ಮಾತಿನ ನಡುವೆ ಹೊರಬಂತು. ಅಚ್ಚಿನಿಂದ ಬಿದ್ದ ಬಿಸಿ ಗುಂಡನ್ನು ಕೆಲವು ದಿನ ಟವೆಲ್ ಮೇಲೆ ಬೀಳಿಸುತ್ತಿದ್ದ, ಕೆಲವು ದಿನ ಬಕೆಟ್ ನೀರಿಗೆ. ಚಕ್ರದ ತುಂಡಿನಲ್ಲಿ ಆಂಟಿಮನಿಯ ಜೊತೆ ಚೂರು ಆರ್ಸೆನಿಕ್ ಇರುತ್ತದೆ. ಅಂಥ ಲೋಹವನ್ನು ಬಿಸಿ ಇರುವಾಗಲೇ ನೀರಿಗೆ ಹಾಕಿದರೆ ಬಹಳ ಗಟ್ಟಿಯಾಗುತ್ತದೆ, ಗಾಳಿಗೆ ಆರಿಸಿದರೆ ದಿನ ಕಳೆದ ಹಾಗೆ ನಿಧಾನವಾಗಿ ಒಂದಿಷ್ಟು ಗಟ್ಟಿಯಾಗುತ್ತದೆ. ಮೊನ್ನೆ ಹೊಯ್ದದ್ದೂ ಹೋದ ತಿಂಗಳು ಹೊಯ್ದದ್ದೂ ಒಂದೇ ಅಲ್ಲ. ಎರಡರಲ್ಲಿ ಒಂದನ್ನು ಹಿಡಿ, ಟವೆಲ್ಲೇ ಸಾಕು ಎಂದೆ. ಅದಕ್ಕೆ ನನ್ನ ಭಯವೂ ಒಂದು ಕಾರಣ. ಕರಗಿದ ಸೀಸದ ಹತ್ತಿರ ನೀರು ಇರಲೇಬಾರದು. ಫೌಂಡ್ರಿಯಲ್ಲಿ ಒಬ್ಬನ ಹಣೆಯ ಬೆವರು ಪಾತ್ರೆಗೆ ಬಿತ್ತು. ಪಟ್ ಎಂದು ಸಿಡಿದು ಅವನ ಮುಂಗೈ ಮೇಲೆ ಮೂರು ಕಡೆ ಕೂತಿತು. ಆ ಕಲೆ ಕೊನೆ ತನಕ ಇತ್ತು.

ಹಳೆ ಗುಂಡನ್ನೆಲ್ಲ ಕರಗಿಸಲು ಹೋದಾಗ ಹೊಸ ತೊಂದರೆ ಶುರುವಾಯಿತು. ಒಂದು ಪಾತ್ರೆಯ ಲೋಹ ಎಷ್ಟು ಕಾಯಿಸಿದರೂ ಹರಿಯಲೊಲ್ಲದು. ಮೇಲೆ ಗಂಜಿಯ ಹಾಗೆ ಗಂಟು ಗಂಟು ತೇಲುತ್ತದೆ. ವಿಡಿಯೊ ಕಳಿಸಿದ. ನಾನು ಕಿಟ್ಟ ಇರಬೇಕು ಅಂದುಕೊಂಡೆ. ನಾವು ರಾಳ ಹಾಕಿ ಕಲಕುತ್ತಿದ್ದ ಹಾಗೆ ನೀನು ಮೇಣ ಹಾಕಿ ಕಲಕು, ಬೂದಿ ಮಾತ್ರ ತೆಗೆ, ಮೇಲಿನ ಕೆನೆಯನ್ನೆಲ್ಲ ಬಾಚಿ ಎಸೆದರೆ ತವರವೂ ಹೋಗುತ್ತದೆ ಎಂದೆ. ಏನೂ ಆಗಲಿಲ್ಲ.

ನಮ್ಮ ಗಲ್ಲಿಯಲ್ಲಿ ಒಬ್ಬ ಬಿದ್ರಿ ಕೆಲಸದ, ಅಂದರೆ ಕರಿ ಲೋಹದಲ್ಲಿ ಬೆಳ್ಳಿ ಕೂರಿಸುವ ಕುಸುರಿಯ, ಚಾಚಾ ಇದ್ದಾರೆ. 2023ರಲ್ಲಿ ನಮ್ಮ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದ ಮೇಲೆ ಹೊರಗಿನವರಿಗೂ ಬಿದ್ರಿ ಗೊತ್ತಾಗಿದೆ. ಆದರೆ ಆ ಕರಿ ಹೂಜಿಯ ಮೈ ಯಾವ ಲೋಹದ್ದು ಎಂದು ಕೇಳಿದರೆ ಹೆಚ್ಚಿನವರು ಕಬ್ಬಿಣ ಅಂತಾರೆ. ಅದು ಸತು. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಎಂಬುದು ರೂಢಿಯ ಲೆಕ್ಕ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಾಕಿ ಕುದಿಸಿದ ನೀರಿನಿಂದ ಕಪ್ಪು ಬರುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಸಂಜೆ ಚಹಾ ಕುಡಿಯುವಾಗ ಚಾಚಾಗೆ ವಿಡಿಯೊ ತೋರಿಸಿದೆ. ಅರ್ಧ ನೋಡಿ ಲೋಟ ಕೆಳಗಿಟ್ಟರು. "ಇದರಲ್ಲಿ ಜಸ್ತ ಬಿದ್ದಿದೆ" ಎಂದರು. ಜಸ್ತ ಅಂದರೆ ಸತು.

ಥೂ, ನನಗೆ ಹೊಳೆಯಬೇಕಿತ್ತು. ನಮ್ಮ ಪ್ರೆಸ್ಸುಗಳಲ್ಲಿ ಫೋಟೊ ಅಚ್ಚಾಗುತ್ತಿದ್ದದ್ದೇ ಸತುವಿನ ಬ್ಲಾಕಿನಲ್ಲಿ. ಒಂದು ಬ್ಲಾಕ್ ಮೊಳೆಯ ಪಾತ್ರೆಗೆ ಬಿದ್ದರೆ ಇಡೀ ಪಾತ್ರೆ ಹಾಳು ಎಂದು ಫೌಂಡ್ರಿಯ ಮೇಸ್ತ್ರಿ ಕಿವಿ ಹಿಂಡಿ ಹೇಳಿದ್ದರು. ಸೀಸ ವಿಷ ಎಂದು ಈಗ ಅಲ್ಲಿ ಚಕ್ರದ ತುಂಡುಗಳನ್ನು ಸತುವಿನಲ್ಲೂ ಉಕ್ಕಿನಲ್ಲೂ ಮಾಡುತ್ತಾರೆ. ಹುಡುಗ ಆರಿಸದೆ ಎಲ್ಲ ಸುರಿದಿದ್ದ. ಸತು ಕರಗುವುದು 419 ಡಿಗ್ರಿಗೆ. ಪಾತ್ರೆಯನ್ನು ಅದಕ್ಕಿಂತ ಸಾಕಷ್ಟು ಕೆಳಗೆ ಇಟ್ಟಿದ್ದರೆ ಸತುವಿನ ತುಂಡು ಕರಗದೆ ತೇಲುತ್ತಿತ್ತು, ಜಾಲರಿ ಸೌಟಿನಲ್ಲಿ ಎತ್ತಿ ಬಿಸಾಡಬಹುದಿತ್ತು. ಅವನ ಹತ್ತಿರ ಥರ್ಮಾಮೀಟರೇ ಇರಲಿಲ್ಲ, ಅಂದಾಜಿನಲ್ಲಿ ಉರಿ. ಆ ಪಾತ್ರೆ ಪೂರ್ತಿ ಬಿಟ್ಟುಬಿಡು ಎಂದೆವು, ಚಾಚಾ ಮತ್ತು ನಾನು ಇಬ್ಬರೂ. ಮುಂದೆ ಪ್ರತಿ ತುಂಡನ್ನೂ ಕಲ್ಲಿನ ಮೇಲೆ ಬೀಳಿಸಿ ಕೇಳು. ಸೀಸ ದಪ್ ಅನ್ನುತ್ತದೆ, ಸತು ಟಣ್ ಅನ್ನುತ್ತದೆ.

ಲೋಹ ಒಂದಾದ ಮೇಲೆ ಉಳಿದದ್ದು ಅಳತೆ. ಮೊಳೆಯ ಎತ್ತರ 0.918 ಇಂಚು. ಅದರಲ್ಲಿ ಇಂಚಿನ ಸಾವಿರದ ಒಂದೆರಡು ಭಾಗ ತಪ್ಪಿದರೂ ಆ ಅಕ್ಷರ ಮಸಿ ಹಿಡಿಯುವುದಿಲ್ಲ, ಇಲ್ಲವೇ ಕಾಗದ ತೂತಾಗುತ್ತದೆ. ಹಾಗಾಗಿ ಮೈಕ್ರೋಮೀಟರ್ ನನಗೆ ಹೊಸದಲ್ಲ. ನಿನ್ನ ನಳಿಗೆಯ ಒಳ ಅಳತೆ ಎಷ್ಟು ಎಂದು ಕೇಳಿದರೆ "0.308 ಮಾಮಾ, ಪುಸ್ತಕದಲ್ಲಿದೆ" ಎಂದ. ಪುಸ್ತಕದ ನಳಿಗೆಯಿಂದ ಹೊಡೆಯುತ್ತೀಯೋ, ನಿನ್ನ ನಳಿಗೆಯಿಂದಲೋ? ರೈಫಲ್ ಖಾಲಿ ಇದೆ ಎಂದು ಎರಡು ಸಲ ನೋಡಿಕೊಂಡು, ಎಣ್ಣೆ ಸವರಿದ ಮೆತ್ತನೆಯ ಶುದ್ಧ ಸೀಸದ ತುಂಡನ್ನು ನಳಿಗೆಯಲ್ಲಿ ಮೆಲ್ಲಗೆ ತಟ್ಟಿ ದಾಟಿಸಿದ. ಮೈಮೇಲೆ ಒಳಗಿನ ಸುತ್ತುಗೆರೆಗಳ ಗುರುತು ಹೊತ್ತು ಬಂದ ಆ ತುಂಡನ್ನು ಅಳೆದರೆ 0.310. ಇವನು ಗುಂಡನ್ನು ಡೈ ಎಂಬ ಅಳತೆಯ ತೂತಿನಲ್ಲಿ ಒತ್ತಿ ತರುತ್ತಿದ್ದದ್ದು 0.309ಕ್ಕೆ. ಎರಕದ ಗುಂಡು ನಳಿಗೆಗಿಂತ ಸಾವಿರದ ಒಂದೋ ಎರಡೋ ಭಾಗ ದಪ್ಪ ಇರಬೇಕು, ಇವನದು ಒಂದು ಭಾಗ ತೆಳ್ಳಗೆ. ಮೆತ್ತನೆಯ ಗುಂಡು ಒತ್ತಡಕ್ಕೆ ಉಬ್ಬಿ ಹೇಗೋ ತುಂಬಿಕೊಳ್ಳುತ್ತಿತ್ತು. ಗಟ್ಟಿ ಗುಂಡು ಉಬ್ಬುವುದಿಲ್ಲ. ಪಕ್ಕದಿಂದ ಬಿಸಿ ಗಾಳಿ ಸೋರಿ, ಸೀಸ ಸುಲಿದು, ನಳಿಗೆಗೆ ಬಳಿದುಕೊಳ್ಳುತ್ತಿತ್ತು. ಆಮೇಲೆ ಬರುವ ಗುಂಡಿಗೆ ದಾರಿಯೇ ಬೇರೆ. ಫಾರ್ಮ್‌ನಲ್ಲಿ ಸಡಿಲ ಇರುವ ಮೊಳೆ ಮೊದಲ ಹತ್ತು ಪ್ರತಿ ಚೆನ್ನಾಗಿ ಒತ್ತಿ ಆಮೇಲೆ ಕುಣಿಯಲು ಶುರು ಮಾಡುತ್ತದಲ್ಲ, ಹಾಗೆ.

0.311ರ ಅಳತೆಯ ಡೈ ತರಿಸಿದ. ನಳಿಗೆಯ ಸೀಸ, ತಾಮ್ರ ಎರಡನ್ನೂ ಉಜ್ಜಿ ತೆಗೆದ. ಬೆಳಗ್ಗೆ ಅಂಗಡಿಯ ತಾಮ್ರಕವಚದ ಗುಂಡು ಹೊಡೆದು, ಅದೇ ನಳಿಗೆಯಲ್ಲಿ ಮನೆಯ ಗುಂಡು ಹೊಡೆಯುವುದನ್ನು ಬಿಟ್ಟ. ಹಿತ್ತಾಳೆ ಕೇಸಿನ ಬಾಯಿ ಬಿಗಿ ಇದ್ದು ಗುಂಡನ್ನೇ ಹಿಂಡಿ ಸಣ್ಣ ಮಾಡುತ್ತಿತ್ತಂತೆ, ಅದನ್ನೂ ಚೂರು ಅಗಲ ಮಾಡಿದ. ಇದೆಲ್ಲ ಒಂದು ವಾರಕ್ಕೆ ಒಂದೇ, ನನ್ನ ಡೈರಿಯಲ್ಲಿ ತಾರೀಖು ಹಾಕಿ. ಜೂನ್ ಕೊನೆಗೆ ಎರಡು ಭಾನುವಾರ ಸೇರಿ ಐದೈದರಂತೆ ಹತ್ತು ಕಾಗದ ಹೊಡೆದ. ಅತಿ ಅಗಲದ್ದು ಎರಡೂವರೆ ಇಂಚು. ಒಂಬತ್ತು ಇಂಚಿನ ತಟ್ಟೆ ಮತ್ತೆ ಬರಲಿಲ್ಲ. ಅದರಲ್ಲೂ ಒಂದು ಕಾಗದದಲ್ಲಿ ಒಂದು ಗುಂಡು ಬೇರೆ ಬಿದ್ದಿತ್ತು. ಅದು ನನ್ನ ಕೈ ತಪ್ಪು, ಸೀನು ಬಂತು ಎಂದ. ಅದನ್ನು ನಂಬುತ್ತೇನೆ.

ಈಗ ಲೇಖನಕ್ಕೆ ಬರುತ್ತೇನೆ. ನಾನು ಕೆಲಸ ಮಾಡಿದ ಪ್ರೆಸ್ಸು ಮುಚ್ಚಿದಾಗ ಮೂವತ್ತೆರಡು ಕೇಸು ಮೊಳೆ ಗೋಣಿಚೀಲದಲ್ಲಿ ತುಂಬಿ ತಕ್ಕಡಿಗೆ ಹಾಕಿದರು. ಇದರಲ್ಲಿ ತವರ ಇದೆ, ತವರದ ರೇಟು ಸೀಸಕ್ಕಿಂತ ಎಷ್ಟೋ ಪಟ್ಟು ಎಂದು ನಾನು ಹೇಳಿದೆ. ಮಾಲೀಕರು, ಸುಮ್ನಿರಪ್ಪ, ಸೀಸ ಸೀಸವೇ ಎಂದರು. ಕೊಂಡ ಗುಜರಿಯವ ಮಾತ್ರ ಒಂದು ಮೊಳೆ ತೆಗೆದು ಉಗುರಿನಿಂದ ಗೀರಿ, ನನ್ನ ಮುಖ ನೋಡಿ, ಏನೂ ಮಾತಾಡದೆ ಚೀಲ ಕಟ್ಟಿದ. ಅವನಿಗೆ ಗೊತ್ತಿತ್ತು.

ಹಾಗಾಗಿ ಮುಂದಿನ ಭಾನುವಾರ ಒಂದು ಸಣ್ಣ ತಿದ್ದುಪಡಿ ಹಾಕಿ: ಮೊಳೆಯಲ್ಲಿ ಸೀಸ, ಆಂಟಿಮನಿ, ತವರ ಮೂರೂ ಇದ್ದವು. ಭಾಲ್ಕಿ, ಹುಮನಾಬಾದ್, ಬಸವಕಲ್ಯಾಣದ ಕಡೆ ಯಾರ ಅಟ್ಟದ ಮೇಲಾದರೂ ಹಳೆ ಕೇಸುಗಳು ಇನ್ನೂ ಇದ್ದರೆ, ಕೊಡುವ ಮೊದಲು ಒಂದು ಮೊಳೆ ಉಗುರಿನಿಂದ ಗೀರಿ ನೋಡಿ. ಗೀರು ಬೀಳದಿದ್ದರೆ ಸೀಸದ ರೇಟಿಗೆ ಕೊಡಬೇಡಿ. ಆಮೇಲೆ ಕೈ ಸೋಪು ಹಾಕಿ ತೊಳೆದುಕೊಳ್ಳಿ, ಏನೇ ಆದರೂ ಅದರಲ್ಲಿ ಸೀಸ ಇದ್ದೇ ಇದೆ.

ಇಂತಿ,
ನಿವೃತ್ತ ಕಂಪೋಸಿಟರ್, ಬೀದರ್